ಕ್ನಿಪ್‌ಹೌಸೆನ್ ರಾಜ್ಯವೋ, ಜಮೀನ್ದಾರಿಯೋ? ಬೆಂಟಿಂಕ್ ಮನೆತನದ ಜರ್ಮನ್ ಒಡೆತನದ ಬಗ್ಗೆ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: “ನಾನು ಬ್ರೆಮನ್ ನಗರದಲ್ಲಿ ಉದ್ಯೋಗದಲ್ಲಿರುವ ಕನ್ನಡಿಗ. ರಜೆಯಲ್ಲಿ ವಿಲ್ಹೆಲ್ಮ್ಸ್‌ಹಾಫನ್ ಕಡೆಗೆ ಹೋಗಿದ್ದಾಗ ಫೆಡ್ಡರ್‌ವಾರ್ಡನ್ ಎಂಬಲ್ಲಿ ಉಳಿದಿರುವ ಕ್ನಿಪ್‌ಹೌಸೆನ್ ಕೋಟೆಯನ್ನು ನೋಡಿದೆ. ಇದು ಹಿಂದೆ ತನ್ನದೇ ಬಾವುಟವಿದ್ದ ಸ್ವತಂತ್ರ ರಾಜ್ಯವಾಗಿತ್ತು, ಬೆಂಟಿಂಕ್ ಎಂಬ ಕೌಂಟ್ ಇದರ ದೊರೆಯಾಗಿದ್ದ, ಅವನು ಮನೆಕೆಲಸದ ಹೆಣ್ಣನ್ನು ಮದುವೆಯಾದದ್ದರಿಂದ ರಾಜ್ಯವೇ ಕೈತಪ್ಪಿತು ಎಂದು ಅಲ್ಲಿಯವರೊಬ್ಬರು ಹೇಳಿದರು. ನಮಗೆ ಬೆಂಟಿಂಕ್ ಎಂದರೆ ಸತಿ ಪದ್ಧತಿಯನ್ನು ನಿಷೇಧಿಸಿದ, ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡ ಗವರ್ನರ್ ಜನರಲ್. ಇಬ್ಬರೂ ಒಬ್ಬರೇ ಇರಬಹುದೇ? ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಇದರ ಮೇಲೊಂದು ಲೇಖನ ಬರೆಯಬೇಕೆಂದಿದ್ದೇನೆ. ಆದರೆ ಅಂತರ್ಜಾಲದಲ್ಲಿ ಸಿಗುವ ವಂಶವೃಕ್ಷಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇನ್ನೊಂದು ವಿಷಯ: ಜರ್ಮನಿಯ ಹಳೆಯ ಒಡೆತನಗಳ ಪದವಿಯನ್ನು ಹಣಕ್ಕೆ ಕೊಡುವುದಾಗಿ ಹೇಳುವ ಜಾಹೀರಾತನ್ನು ನೋಡಿ ಗೆಳೆಯರೊಬ್ಬರು ಆಸೆಪಟ್ಟಿದ್ದಾರೆ. ಅದಕ್ಕೆ ಕಾನೂನಿನಲ್ಲಿ ಏನಾದರೂ ಬೆಲೆ ಇದೆಯೇ?”

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಆದರೆ ನಿಮ್ಮ ನಿಜವಾದ ಆತಂಕ, ಅಲ್ಲಿ ಕೇಳಿದ ಕಥೆಯನ್ನು ಹಾಗೆಯೇ ಬರೆದರೆ ನಾಳೆ ಯಾರಾದರೂ ತಪ್ಪು ತೋರಿಸಬಹುದೇ ಎಂಬುದು. ತೋರಿಸಬಹುದು. ನೀವು ಕೇಳಿದ್ದರಲ್ಲಿ ಬಾವುಟದ ಮಾತು ನಿಜ. ಬೆಂಟಿಂಕ್ ಎಂಬ ಹೆಸರು ನಿಜ, ಆದರೆ ವ್ಯಕ್ತಿ ಬೇರೆ. ಮದುವೆಯ ಕಥೆಯಲ್ಲಿ ಅರ್ಧ ನಿಜವಿದೆ. “ಸ್ವತಂತ್ರ ರಾಜ್ಯ” ಎಂಬ ಮಾತಿಗೆ ಮಾತ್ರ ದೀರ್ಘ ವಿವರಣೆ ಬೇಕು. ಯುರೋಪಿನ ಹಳೆಯ ಆಸ್ತಿ ವ್ಯಾಜ್ಯಗಳ ಕಡತಗಳೊಡನೆ ಬಹುಕಾಲ ಕಳೆದವನಾಗಿ ನಾನು ಗಮನಿಸಿರುವುದೆಂದರೆ, ಇಂಥ ಚಿಕ್ಕ ಒಡೆತನಗಳ ಬಗ್ಗೆ ಊರಿನವರು ಹೇಳುವ ಕಥೆಗಳಲ್ಲಿ ಪ್ರೇಮವೋ ಶಾಪವೋ ಮುಖ್ಯವಾಗಿರುತ್ತದೆ, ಕಡತಗಳಲ್ಲಿ ಮಾತ್ರ ಸಾಲ, ಗಡಿ ಮತ್ತು ಉಯಿಲುಗಳದ್ದೇ ಕಾರುಬಾರು.

ಸುಲಭವಾದದ್ದನ್ನು ಮೊದಲು ಮುಗಿಸುತ್ತೇನೆ. ನಮ್ಮ ಬೆಂಟಿಂಕ್ ಮತ್ತು ಕ್ನಿಪ್‌ಹೌಸೆನ್‌ನ ಬೆಂಟಿಂಕ್ ಒಬ್ಬರಲ್ಲ, ಒಂದೇ ಮೂಲಪುರುಷನ ಎರಡು ಕವಲುಗಳವರು. ಆ ಮೂಲಪುರುಷ ಹಾನ್ಸ್ ವಿಲ್ಲೆಮ್ ಬೆಂಟಿಂಕ್, ಡಚ್ ದೇಶದ ಕುಲೀನ. ಆರೆಂಜಿನ ವಿಲಿಯಂ 1688ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕೆ ಹೊರಟಾಗ ಅವನ ಬಲಗೈಯಾಗಿ ಜೊತೆಗೆ ಹೋಗಿ ಪೋರ್ಟ್‌ಲೆಂಡಿನ ಅರ್ಲ್ ಎನಿಸಿಕೊಂಡವನು. ಅವನ ಮೊದಲ ಹೆಂಡತಿಯ ಮಗ ಹೆನ್ರಿಯಿಂದ ಪೋರ್ಟ್‌ಲೆಂಡ್ ಡ್ಯೂಕ್‌ಗಳ ಸಾಲು ಬೆಳೆಯಿತು. ಮೂರನೆಯ ಡ್ಯೂಕ್‌ನ ಮಗನೇ ಲಾರ್ಡ್ ವಿಲಿಯಂ ಬೆಂಟಿಂಕ್. ಅವನು 1803ರಿಂದ 1807ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದು, ವೆಲ್ಲೂರಿನ ಸಿಪಾಯಿ ದಂಗೆಯ ಹೊಣೆ ತಲೆಗೆ ಬಂದು ಹಿಂದಕ್ಕೆ ಕರೆಸಿಕೊಳ್ಳಲ್ಪಟ್ಟ. ಎರಡು ದಶಕಗಳ ನಂತರ ಗವರ್ನರ್ ಜನರಲ್ ಆಗಿ ಮತ್ತೆ ಬಂದ. ಮಲೆನಾಡಿನ ನಗರ ಸೀಮೆಯ ರೈತ ಬಂಡಾಯದ ಬೆನ್ನಿಗೆ 1831ರಲ್ಲಿ ಮೈಸೂರಿನ ಆಡಳಿತವನ್ನು ವಹಿಸಿಕೊಂಡವನೂ, 1834ರಲ್ಲಿ ಕೊಡಗಿನ ಅರಸೊತ್ತಿಗೆಯನ್ನು ಕೊನೆಗಾಣಿಸಿದವನೂ ಇವನೇ. ಹಾನ್ಸ್ ವಿಲ್ಲೆಮ್‌ನ ಎರಡನೆಯ ಹೆಂಡತಿಯ ಮಗ ವಿಲ್ಲೆಮ್ ಡಚ್ ದೇಶದಲ್ಲಿ ನೆಲೆಸಿ, 1732ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಕೌಂಟ್ ಪದವಿ ಪಡೆದು, ಮರುವರ್ಷ ಕ್ನಿಪ್‌ಹೌಸೆನ್‌ನ ಉತ್ತರಾಧಿಕಾರಿಣಿಯನ್ನು ಮದುವೆಯಾದ. ಲಾರ್ಡ್ ವಿಲಿಯಂ ಮೈಸೂರಿನ ಕಡತಕ್ಕೆ ಸಹಿ ಹಾಕುವಾಗ ಕ್ನಿಪ್‌ಹೌಸೆನ್‌ನಲ್ಲಿ ಕುಳಿತಿದ್ದವನು ಈ ವಿಲ್ಲೆಮ್‌ನ ಮೊಮ್ಮಗ, ವಿಲ್ಹೆಲ್ಮ್ ಗುಸ್ತಾಫ್ ಫ್ರೀಡ್ರಿಖ್. ಅವನು ತನ್ನ ಪುಟ್ಟ ಪ್ರಭುತ್ವವನ್ನು ದೊಡ್ಡ ರಾಜ್ಯಗಳಿಂದ ಮರಳಿ ಪಡೆದು ಆಗಿನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ವಂಶವೃಕ್ಷಗಳು ತಾಳೆಯಾಗದಿರಲು ಮುಖ್ಯ ಕಾರಣ, ಎರಡೂ ಕವಲುಗಳಲ್ಲಿ ತಲೆಮಾರಿಗೊಬ್ಬ ವಿಲಿಯಂ ಇರುವುದು. ಹುಟ್ಟಿದ ವರ್ಷ ನೋಡದೆ ಹೆಸರು ನೋಡಿ ಜೋಡಿಸಿದವರು ಅಜ್ಜನನ್ನು ಮೊಮ್ಮಗನಾಗಿಸಿದ್ದಾರೆ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಕ್ನಿಪ್‌ಹೌಸೆನ್ ಎಂದರೆ ಯಾಡೆ ಕೊಲ್ಲಿಯ ಪಶ್ಚಿಮಕ್ಕಿರುವ ಆಕ್ಕುಮ್, ಫೆಡ್ಡರ್‌ವಾರ್ಡನ್ ಮತ್ತು ಸೆಂಗ್‌ವಾರ್ಡನ್ ಎಂಬ ಮೂರು ಚರ್ಚ್ ಗ್ರಾಮಗಳು ಮತ್ತು ಅವುಗಳ ಸುತ್ತಲಿನ ಹೊಲಗದ್ದೆ. ಒಟ್ಟು ಸುಮಾರು 45 ಚದರ ಕಿಲೋಮೀಟರ್, ಹತ್ತೊಂಬತ್ತನೆಯ ಶತಮಾನದಲ್ಲಿ ಸುಮಾರು 3,000 ಜನ. ಮಧ್ಯಯುಗದ ಕೊನೆಯಲ್ಲಿ ಈ ಫ್ರೀಸಿಯನ್ ಕರಾವಳಿಯಲ್ಲಿ ಕೌಂಟ್‌ಗಳಾಗಲಿ ಡ್ಯೂಕ್‌ಗಳಾಗಲಿ ಬೇರೂರಿರಲಿಲ್ಲ. ಊರೂರಿಗೆ ಇಟ್ಟಿಗೆಯ ಕೋಟೆಮನೆ ಕಟ್ಟಿಕೊಂಡ ನಾಯಕರು ಇದ್ದರು; ನಮ್ಮ ಪಾಳೆಯಗಾರರನ್ನು ನೆನೆದರೆ ಇವರ ಚಿತ್ರ ಸಿಗುತ್ತದೆ. ಅಂಥ ಒಂದು ನಾಯಕ ಮನೆತನ ‘ಇನ್‌ಹೌಸೆನ್ ಮತ್ತು ಕ್ನಿಪ್‌ಹೌಸೆನ್’. ಇವರ ನೆರೆಯ ಯೇವರ್ ಪ್ರದೇಶವನ್ನು ಆಳಿದ ಕನ್ಯೆ ಮರಿಯಾ, ಕ್ನಿಪ್‌ಹೌಸೆನ್ ತನಗೇ ಸೇರಿದ್ದೆಂದು ಸಾಮ್ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದಳು. ಮರಿಯಾ 1575ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಳು. ಯೇವರ್ ನೆರೆಯ ಓಲ್ಡೆನ್‌ಬುರ್ಗ್ ನಾಡಿನ ಕೌಂಟ್‌ಗೆ ಹೋಯಿತು. ಜೊತೆಗೆ ದಾವೆಯೂ ಹೋಯಿತು. ತೀರ್ಪು ಬಂದದ್ದು 1592ರಲ್ಲಿ, ಕ್ನಿಪ್‌ಹೌಸೆನ್ ಮನೆತನಕ್ಕೆ ವಿರುದ್ಧವಾಗಿ. ತೀರ್ಪು ಬಂದರೂ ಜಾಗ ಬಿಡಿಸುವುದು ಬೇರೆಯೇ ಕೆಲಸವೆಂಬುದು ನಮ್ಮ ಕೋರ್ಟು ಕಚೇರಿಗಳನ್ನು ಕಂಡವರಿಗೆ ಹೊಸದಲ್ಲ. ಮತ್ತೆ ಮೂರು ದಶಕ ಕಳೆದು, 1624ರ ಹೊತ್ತಿಗೆ ಹಣದ ಒಪ್ಪಂದದ ಮೇಲೆ ಓಲ್ಡೆನ್‌ಬುರ್ಗ್‌ನ ಕೌಂಟ್ ಆಂಟೋನ್ ಗ್ಯುಂಟರ್ ಅದನ್ನು ವಶಪಡಿಸಿಕೊಂಡ. ಹಳೆಯ ಮನೆತನ ಪಶ್ಚಿಮಕ್ಕೆ ಸರಿದು, ಮದುವೆಯ ಮೂಲಕ ಮೊದಲೇ ಬಂದಿದ್ದ ಲುಟೆಟ್ಸ್‌ಬುರ್ಗ್‌ನಲ್ಲಿ ನೆಲೆಸಿತು, ಇಂದಿಗೂ ಅಲ್ಲಿದೆ. ಇಲ್ಲೊಂದು ಎಚ್ಚರಿಕೆ ಹೇಳಬೇಕು: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೆಸ್ಸೆಯ ಪಡೆಗಳನ್ನು ನಡೆಸಿದ ಜನರಲ್ ಕ್ನಿಪ್‌ಹೌಸೆನ್ ಈ ಲುಟೆಟ್ಸ್‌ಬುರ್ಗ್‌ನವನು, ನೀವು ನೋಡಿದ ಕೋಟೆಯನ್ನು ಅವನ ಪೂರ್ವಜರು ಬಿಟ್ಟು ಒಂದೂವರೆ ಶತಮಾನವಾಗಿತ್ತು.

ಆ ಹಳೆಯ ಮನೆತನದ ನೆನಪು ಉಳಿದಿರುವುದು ಕೋಟೆಗಿಂತ ಹೆಚ್ಚಾಗಿ ಆಕ್ಕುಮ್‌ನ ಚರ್ಚಿನಲ್ಲಿ. ಅಲ್ಲಿ ಟೀಡೋ ಎಂಬ ನಾಯಕ ಮತ್ತು ಅವನ ಹೆಂಡತಿ ಈವಾ ಫಾನ್ ರೆನ್ನೆಬರ್ಗ್ ಇಬ್ಬರ ಆಳೆತ್ತರದ ಪ್ರತಿಮೆಗಳು ಸಮಾಧಿಯ ಮೇಲೆ ಮಲಗಿವೆ. ಸುತ್ತಲಿನ ಊರುಗಳೆಲ್ಲ ಲೂಥರನ್ ಪಂಥದಲ್ಲಿದ್ದಾಗ ಆಕ್ಕುಮ್‌ನ ಸಭೆ ಮಾತ್ರ ಕ್ಯಾಲ್ವಿನ್ ಪಂಥದ್ದಾಗಿ ಉಳಿಯಿತು. ಮೂರು ಊರಿನ ಒಡೆಯನಿಗೆ ತನ್ನ ಪ್ರಜೆಗಳ ಪೂಜಾವಿಧಾನವನ್ನೂ ನಿರ್ಧರಿಸುವ ಹಕ್ಕಿತ್ತೆಂಬುದಕ್ಕೆ ಇದು ಸಾಕ್ಷಿ. ಜಮೀನ್ದಾರನಿಗೆ ಆ ಹಕ್ಕು ಇರುವುದಿಲ್ಲ.

ಹಾಗಾದರೆ ಅದು ರಾಜ್ಯವೇ? ಇಲ್ಲಿ ನಾವು ಇಂದಿನ ಕಣ್ಣಿನಿಂದ ನೋಡಿದರೆ ದಾರಿ ತಪ್ಪುತ್ತೇವೆ. 1806ಕ್ಕೆ ಮುಂಚಿನ ಜರ್ಮನ್ ಸಾಮ್ರಾಜ್ಯದಲ್ಲಿ, ಅಂದರೆ ಪವಿತ್ರ ರೋಮನ್ ಸಾಮ್ರಾಜ್ಯದಲ್ಲಿ, ರಾಜ್ಯ ಮತ್ತು ಆಸ್ತಿ ಎಂಬ ಎರಡು ಸ್ಪಷ್ಟ ಪೆಟ್ಟಿಗೆಗಳಿರಲಿಲ್ಲ. ನ್ಯಾಯತೀರ್ಪು, ತೆರಿಗೆ, ಚರ್ಚಿನ ಮೇಲ್ವಿಚಾರಣೆ, ಬೇಟೆ, ಗಿರಣಿ, ಸುಂಕ, ಕರಾವಳಿಗೆ ಬಂದು ಬಿದ್ದ ಒಡೆದ ಹಡಗಿನ ಮೇಲಿನ ಹಕ್ಕು, ಹೀಗೆ ಒಂದೊಂದೂ ಬಿಡಿಬಿಡಿಯಾದ ಹಕ್ಕು. ಯಾರ ಕೈಯಲ್ಲಿ ಎಷ್ಟು ಹಕ್ಕುಗಳಿದ್ದವೋ ಅಷ್ಟರ ಮಟ್ಟಿಗೆ ಅವನು ದೊರೆ. ಕ್ನಿಪ್‌ಹೌಸೆನ್‌ನ ಒಡೆಯನಿಗೆ ಇವುಗಳಲ್ಲಿ ಬಹುಪಾಲು ಇತ್ತು, ಮತ್ತು ಅವನಿಗೂ ಚಕ್ರವರ್ತಿಗೂ ನಡುವೆ ಬೇರೆ ದೊರೆಯಿರಲಿಲ್ಲ. ಆದರೆ ಸಾಮ್ರಾಜ್ಯದ ಸಭೆಯಲ್ಲಿ ಅವನಿಗೆ ಆಸನವೂ ಇರಲಿಲ್ಲ, ಮತವೂ ಇರಲಿಲ್ಲ. ಮುಂದೆ ಬೆಂಟಿಂಕರ ಕೈಗೆ ಬಂದ ಇನ್ನೊಂದು ಒಡೆತನವಾದ ಫಾರೆಲ್ ವಿಸ್ತಾರದಲ್ಲೂ ಆದಾಯದಲ್ಲೂ ದೊಡ್ಡದು. ಆದರೂ 1693ರ ಒಪ್ಪಂದದ ನಂತರ ಅದು ಓಲ್ಡೆನ್‌ಬುರ್ಗ್‌ನ ಮೇಲಾಳ್ವಿಕೆಗೆ ಒಳಪಟ್ಟ ಕುಲೀನ ಆಸ್ತಿಯಷ್ಟೇ. ಲೇಖನದಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಹೇಳಿ. ಮಾನ ಕ್ನಿಪ್‌ಹೌಸೆನ್‌ನಿಂದ ಬರುತ್ತಿತ್ತು, ಹಣ ಫಾರೆಲ್‌ನಿಂದ ಬರುತ್ತಿತ್ತು.

ಈ ಎರಡೂ ಒಡೆತನಗಳು ಬೆಂಟಿಂಕರ ಕೈಗೆ ಬಂದ ಬಗೆಯಲ್ಲಿಯೇ ಮುಂದಿನ ಜಗಳದ ಬೀಜವಿದೆ. ಆಂಟೋನ್ ಗ್ಯುಂಟರ್ 1603ರಿಂದ 1667ರವರೆಗೆ ಆಳಿದ ಜಾಣ ದೊರೆ. ಮೂವತ್ತು ವರ್ಷಗಳ ಯುದ್ಧ ಸುತ್ತಮುತ್ತ ಉರಿಯುತ್ತಿದ್ದಾಗ ಸೇನಾಪತಿ ಟಿಲ್ಲಿಗೆ ಓಲ್ಡೆನ್‌ಬುರ್ಗ್‌ನ ಹೆಸರಾಂತ ಕುದುರೆಗಳನ್ನು ಕಾಣಿಕೆ ಕೊಟ್ಟು ತನ್ನ ನಾಡನ್ನು ಉಳಿಸಿಕೊಂಡವನು. ಅವನಿಗೆ ಮದುವೆಯಿಂದ ಮಕ್ಕಳಾಗಲಿಲ್ಲ. ಆದರೆ ಮದುವೆಗೆ ಮುಂಚೆ ಎಲಿಜಬೆತ್ ಫಾನ್ ಉಂಗ್ನಾಡ್ ಎಂಬ ಕುಲೀನ ಹೆಣ್ಣಿನಲ್ಲಿ ಒಬ್ಬ ಮಗನಿದ್ದ. ಆ ಮಗ ಆಂಟೋನ್ ಕೌಂಟ್‌ಡಮ್‌ಗೆ ವಾರಸುದಾರನಾಗುವಂತಿರಲಿಲ್ಲ. ಆದ್ದರಿಂದ ತಂದೆ ಚಕ್ರವರ್ತಿಯಿಂದ ಅವನ ಹುಟ್ಟನ್ನು ಸಕ್ರಮಗೊಳಿಸಿ, ‘ಆಲ್ಡೆನ್‌ಬುರ್ಗ್‌ನ ಕೌಂಟ್’ ಎಂಬ ಹೊಸ ಬಿರುದು ಕೊಡಿಸಿ, ಕ್ನಿಪ್‌ಹೌಸೆನ್, ಫಾರೆಲ್ ಮತ್ತು ಜೌಗು ನೆಲದ ಹಲವು ಕೃಷಿ ಎಸ್ಟೇಟುಗಳನ್ನು ಮಾರಲಾಗದ, ಪಾಲು ಮಾಡಲಾಗದ ಕುಲಾಸ್ತಿಯಾಗಿ ಕಟ್ಟಿಕೊಟ್ಟ. ಅವನು ತೀರಿಕೊಂಡ ಮೇಲೆ ಓಲ್ಡೆನ್‌ಬುರ್ಗ್ ಡೆನ್ಮಾರ್ಕಿನ ರಾಜನ ಕಡೆಗೂ ಯೇವರ್ ಅವನ ಸೋದರಿಯ ಮೂಲಕ ಆನ್‌ಹಾಲ್ಟ್-ಜೆರ್ಬ್‌ಸ್ಟ್ ಮನೆತನಕ್ಕೂ ಹೋದವು. ಮುಂದೆ 1793ರಲ್ಲಿ ಅದೇ ಯೇವರ್ ಆ ಮನೆತನದ ಮಗಳಾದ ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನ್‌ಗೆ ಬಂತು. ಹೀಗೆ ಮೂರು ಹಳ್ಳಿಗಳ ಕ್ನಿಪ್‌ಹೌಸೆನ್‌ಗೆ ಒಂದು ಕಾಲಕ್ಕೆ ರಷ್ಯಾ ನೆರೆರಾಜ್ಯವಾಗಿತ್ತು!

ಆಸ್ತಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದನ್ನು ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ. ಅಲ್ಲಿಯ ನೆಲ ಸಮುದ್ರದಿಂದ ಗಿಟ್ಟಿಸಿಕೊಂಡದ್ದು. ಉಬ್ಬರದ ನೀರು ತಂದು ಹಾಕುವ ಹೂಳು ಒಡ್ಡಿನ ಹೊರಗೆ ವರ್ಷಾನುಗಟ್ಟಲೆ ಸೇರಿ ಹುಲ್ಲು ಹಿಡಿಯುತ್ತದೆ. ಆಗ ಅದರ ಮುಂದಕ್ಕೆ ಇನ್ನೊಂದು ಮಣ್ಣಿನ ಒಡ್ಡು ಕಟ್ಟಿದರೆ ಒಳಗೆ ಬಲು ಫಲವತ್ತಾದ ಜೇಡಿ ನೆಲ ಸಿಗುತ್ತದೆ. ಹೀಗೆ ಸಿಕ್ಕಿದ ಹೊಸ ನೆಲದ ಹಕ್ಕು ಒಡೆಯನದು. ಅವನು ಅದನ್ನು ದೊಡ್ಡ ದೊಡ್ಡ ಎಸ್ಟೇಟುಗಳಾಗಿ ಮಾಡಿ ಗುತ್ತಿಗೆಗೆ ಕೊಡುತ್ತಿದ್ದ; ಗುತ್ತಿಗೆದಾರರು ಎತ್ತುಗಳನ್ನು ಕೊಬ್ಬಿಸಿ, ಕುದುರೆ ಸಾಕಿ, ಧಾನ್ಯ ಬೆಳೆದು ಹಡಗಿಗೆ ಹಾಕುತ್ತಿದ್ದರು. ಒಡ್ಡಿನೊಳಗಿನ ಮಳೆನೀರು ಇಳಿತದ ಹೊತ್ತಿನಲ್ಲಿ ಮರದ ತೂಬಿನ ಬಾಗಿಲು ತೆರೆದುಕೊಂಡು ಹೊರಗೆ ಹರಿಯುತ್ತಿತ್ತು, ಉಬ್ಬರ ಬಂದಾಗ ಸಮುದ್ರವೇ ಬಾಗಿಲನ್ನು ಒತ್ತಿ ಮುಚ್ಚುತ್ತಿತ್ತು; ಆ ತೂಬಿನ ಬಾಯಲ್ಲಿ ಚಿಕ್ಕ ಹಡಗುಗಳು ನಿಲ್ಲುವ ಬಂದರು. ಕ್ನಿಪ್‌ಹೌಸರ್‌ಸೀಲ್ ಅಂಥದ್ದೊಂದು. ಆದರೆ ಒಡ್ಡಿನ ರಿಪೇರಿಯ ಹೊರೆ ನೆಲ ಹಿಡಿದವನ ಮೇಲೆ ಬೀಳುತ್ತಿತ್ತು. ಒಡ್ಡು ಕಟ್ಟಲಾಗದವನು ನೆಲ ಬಿಟ್ಟು ಏಳಬೇಕೆಂಬುದು ಆ ಕರಾವಳಿಯ ಗಾದೆ ಮಾತ್ರವಲ್ಲ, ಕಾನೂನೂ ಆಗಿತ್ತು. 1717ರ ಕ್ರಿಸ್ಮಸ್ ರಾತ್ರಿ ಉತ್ತರ ಸಮುದ್ರ ಈ ಕರಾವಳಿಯ ಉದ್ದಕ್ಕೂ ಒಡ್ಡುಗಳನ್ನು ಒಡೆದು ನುಗ್ಗಿದಾಗ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಜಾನುವಾರು ಕೊಚ್ಚಿಹೋಗಿ, ಹೊಲಕ್ಕೆ ಉಪ್ಪು ನುಗ್ಗಿದ ಮೇಲೆ ಗುತ್ತಿಗೆ ಹಣ ಯಾರು ಕೊಡಬೇಕು? ಆಲ್ಡೆನ್‌ಬುರ್ಗ್‌ನ ಎರಡನೆಯ ಕೌಂಟ್ ಆಂಟೋನ್ ಸಾಲದಲ್ಲಿ ಮುಳುಗಿದ್ದ. ಅವನ ಒಬ್ಬಳೇ ಮಗಳು ಶಾರ್ಲೊಟ್ ಸೋಫಿಗೆ 1733ರಲ್ಲಿ ಡಚ್ ಶ್ರೀಮಂತ ವಿಲ್ಲೆಮ್ ಬೆಂಟಿಂಕ್ ಗಂಡನಾಗಿ ಬಂದದ್ದು ಈ ಸಾಲದ ನೆರಳಿನಲ್ಲಿ.

ಆ ಮದುವೆ ಏಳು ವರ್ಷದಲ್ಲಿ ಮುರಿಯಿತು. ಶಾರ್ಲೊಟ್ ಸೋಫಿ ಬಹಳ ಓದಿಕೊಂಡ, ಯಾರಿಗೂ ಬಗ್ಗದ ಹೆಂಗಸು. ತನ್ನ ಆಸ್ತಿಯನ್ನು ಗಂಡನ ಹಿಡಿತದಿಂದ ಬಿಡಿಸಿಕೊಳ್ಳಲು ಆಸ್ಥಾನದಿಂದ ಆಸ್ಥಾನಕ್ಕೆ ಅಲೆದಳು, 1750ರಲ್ಲಿ ಬರ್ಲಿನ್‌ಗೆ ಬಂದಾಗ ಅಲ್ಲಿದ್ದ ಫ್ರೆಂಚ್ ಲೇಖಕ ವಾಲ್ಟೇರ್ ಅವಳ ಪರವಾಗಿ ನಿಂತ. ಅವರಿಬ್ಬರ ಪತ್ರ ವ್ಯವಹಾರ ಪ್ರಸಿದ್ಧ. ಆಸ್ತಿ ಮಾತ್ರ ಅವಳ ಕೈಗೆ ಬರಲಿಲ್ಲ, ಗಂಡುಮಕ್ಕಳಿಗೆ ಹೋಯಿತು. ಅವಳು 1800ರವರೆಗೆ ಬದುಕಿದ್ದಳು. ನಿಮ್ಮ ಸ್ಮರಣ ಸಂಚಿಕೆಗೆ ಒಬ್ಬರನ್ನೇ ಆರಿಸಿಕೊಂಡು ಬರೆಯುವುದಾದರೆ ನಾನು ಇವಳನ್ನೇ ಆರಿಸುತ್ತಿದ್ದೆ. ಗಂಡಸರು ಕಥೆಯಲ್ಲಿ ತುಂಬಿಕೊಂಡಿದ್ದಾರೆ, ಆದರೆ ಬುದ್ಧಿ ಇವಳಲ್ಲಿತ್ತು.

ಬಾವುಟದ ಕಥೆ ಇವಳ ಮೊಮ್ಮಗನ ಕಾಲದ್ದು. 1803ರಲ್ಲಿ ಫ್ರೆಂಚರು ಹಾನೋವರ್ ಅನ್ನು ಹಿಡಿದರು; ಅದಕ್ಕೆ ಪ್ರತಿಯಾಗಿ ಬ್ರಿಟಿಷ್ ನೌಕಾಪಡೆ ಎಲ್ಬೆ ಮತ್ತು ವೇಸರ್ ನದಿಗಳ ಬಾಯಿ ಕಟ್ಟಿತು. ಹ್ಯಾಂಬರ್ಗ್ ಮತ್ತು ಬ್ರೆಮನ್ ವರ್ತಕರ ಸರಕು ನಿಂತುಹೋಯಿತು. ಆದರೆ ಯಾಡೆ ಕೊಲ್ಲಿ ತೆರೆದಿತ್ತು. ಅಲ್ಲಿ ಯಾವ ಯುದ್ಧದಲ್ಲೂ ಇಲ್ಲದ ಒಬ್ಬ ಚಿಕ್ಕ ಒಡೆಯನಿದ್ದ, ಅವನಿಗೆ ತನ್ನದೇ ಬಾವುಟವಿತ್ತು. ಹಡಗಿನ ಮಾಲೀಕರು ಕ್ನಿಪ್‌ಹೌಸೆನ್‌ನ ಪ್ರಜೆಯೊಬ್ಬನಿಗೆ ಹಡಗು ಮಾರಿದಂತೆ ಕಾಗದ ಮಾಡಿಸಿ, ಶುಲ್ಕ ಕಟ್ಟಿ, ಕೌಂಟ್‌ನ ಮೊಹರು ಒತ್ತಿದ ಪಾಸು ಪಡೆದು ಹೊರಡುತ್ತಿದ್ದರು. ಒಂದು ಹೊಲದಷ್ಟೂ ಇಲ್ಲದ ಬಂದರಿನ ಹೆಸರು ಹೊತ್ತ ಹಡಗುಗಳು ದೂರದೂರದ ಸಮುದ್ರಗಳಲ್ಲಿ ಕಾಣಿಸಿಕೊಂಡವು. ಇಂದು ಹಡಗು ಕಂಪನಿಗಳು ಪನಾಮಾದ ಬಾವುಟ ಹಾರಿಸುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಬಾವುಟವಿತ್ತು ಎನ್ನುವುದು ಸತ್ಯ. ಅದರಿಂದ ಅದು ಬಲಿಷ್ಠ ರಾಜ್ಯವಾಗಿತ್ತೆಂದು ತೀರ್ಮಾನಿಸುವುದು ತಪ್ಪು. ಬಲವಿಲ್ಲದಿರುವುದೇ ಆ ಬಾವುಟದ ಬೆಲೆಯಾಗಿತ್ತು. ನೆಪೋಲಿಯನ್ 1807ರ ನಂತರ ಆ ತೀರವನ್ನು ತಮ್ಮನ ಹಾಲೆಂಡ್ ರಾಜ್ಯಕ್ಕೂ, 1810ರಲ್ಲಿ ನೇರವಾಗಿ ಫ್ರಾನ್ಸಿಗೂ ಸೇರಿಸಿದಾಗ ಆಟ ಮುಗಿಯಿತು.

ನೆಪೋಲಿಯನ್ ಬಿದ್ದ ಮೇಲೆ ವಿಯೆನ್ನಾದಲ್ಲಿ ಯುರೋಪಿನ ಗಡಿಗಳನ್ನು ಮತ್ತೆ ಬರೆದರು. ಆಗ ಜರ್ಮನ್ ರಾಜ್ಯಗಳು ಸೇರಿ ಹೊಸದಾಗಿ ಕಟ್ಟಿದ ಜರ್ಮನ್ ಒಕ್ಕೂಟದ ಸದಸ್ಯರ ಪಟ್ಟಿಯಲ್ಲಿ ಕ್ನಿಪ್‌ಹೌಸೆನ್ ಇರಲಿಲ್ಲ, ಓಲ್ಡೆನ್‌ಬುರ್ಗ್‌ಗೆ ಕೊಟ್ಟೆವೆಂದೂ ಸ್ಪಷ್ಟವಾಗಿ ಬರೆದಿರಲಿಲ್ಲ. ಬೆಂಟಿಂಕ್ ಹತ್ತು ವರ್ಷ ಪಟ್ಟು ಹಿಡಿದ. ಕೊನೆಗೆ ಆಸ್ಟ್ರಿಯಾ, ಪ್ರಷ್ಯಾ ಮತ್ತು ರಷ್ಯಾದ ಮಧ್ಯಸ್ಥಿಕೆಯಲ್ಲಿ 1825ರ ಜೂನ್ 8ರಂದು ಬರ್ಲಿನ್‌ನಲ್ಲಿ ಒಂದು ವಿಚಿತ್ರ ಒಪ್ಪಂದವಾಯಿತು: ಹಳೆಯ ಸಾಮ್ರಾಜ್ಯದಲ್ಲಿ ಇದ್ದ ಹಕ್ಕುಗಳೆಲ್ಲ ಬೆಂಟಿಂಕ್‌ಗೆ ಮರಳಿ ಬರಬೇಕು, ಸತ್ತುಹೋದ ಸಾಮ್ರಾಜ್ಯ ಮತ್ತು ಚಕ್ರವರ್ತಿಯ ಸ್ಥಾನದಲ್ಲಿ ಇನ್ನು ಮುಂದೆ ಓಲ್ಡೆನ್‌ಬುರ್ಗ್ ಇರಬೇಕು. 1806ರಲ್ಲಿ ಮುಗಿದ ವ್ಯವಸ್ಥೆಯೊಂದು ಮೂರು ಹಳ್ಳಿಗಳಲ್ಲಿ ಮಾತ್ರ 1854ರವರೆಗೆ ಉಸಿರಾಡಿತು. ಆದ್ದರಿಂದ “ಸ್ವತಂತ್ರ ರಾಜ್ಯ” ಎಂದು ಬರೆಯಬೇಡಿ. “ಓಲ್ಡೆನ್‌ಬುರ್ಗ್‌ನ ಮೇಲ್ಹಕ್ಕಿಗೆ ಒಳಪಟ್ಟು ಆಂತರಿಕ ಪ್ರಭುತ್ವವಿದ್ದ ಒಡೆತನ” ಎಂದು ಬರೆದರೆ ಯಾರೂ ಆಕ್ಷೇಪಿಸಲಾರರು.

ಇನ್ನು ಮದುವೆ. ವಿಲ್ಹೆಲ್ಮ್ ಗುಸ್ತಾಫ್ ಫ್ರೀಡ್ರಿಖ್ ಮೊದಲ ಹೆಂಡತಿ ತೀರಿಕೊಂಡ ನಂತರ ಸಾರಾ ಮಾರ್ಗರೆಟೆ ಗೆರ್ಡೆಸ್ ಎಂಬ ರೈತ ಕುಟುಂಬದ ಹೆಣ್ಣಿನೊಡನೆ ಬಾಳಿದ. ಅವರಿಗೆ ಗಂಡುಮಕ್ಕಳಾದರು. ಚರ್ಚಿನಲ್ಲಿ ಮದುವೆ ನಡೆದದ್ದು 1816ರಲ್ಲಿ, ಮಕ್ಕಳು ಹುಟ್ಟಿದ ಮೇಲೆ. ಸಾಮಾನ್ಯರಿಗೆ ಅನ್ವಯಿಸುತ್ತಿದ್ದ ಕಾನೂನಿನ ಪ್ರಕಾರ ತಂದೆತಾಯಿ ಆಮೇಲೆ ಮದುವೆಯಾದರೂ ಮಕ್ಕಳು ಸಕ್ರಮರಾಗುತ್ತಾರೆ. ಆದರೆ ಜರ್ಮನಿಯ ಮೇಲ್ವರ್ಗದ ಕುಲೀನರಿಗೆ ಬೇರೆಯೇ ಕಟ್ಟಳೆಯಿತ್ತು: ಹೆಂಡತಿ ಸಮಾನ ಅಂತಸ್ತಿನ ಕುಲದವಳಾಗಿರಬೇಕು, ಇಲ್ಲದಿದ್ದರೆ ಮಕ್ಕಳಿಗೆ ಕುಲಾಸ್ತಿಯೂ ಇಲ್ಲ, ಪ್ರಭುತ್ವವೂ ಇಲ್ಲ. ಕೌಂಟ್ 1835ರಲ್ಲಿ ತೀರಿಕೊಂಡಾಗ ಮಗ ಗುಸ್ತಾಫ್ ಆಡೊಲ್ಫ್ ಅಧಿಕಾರ ವಹಿಸಿಕೊಂಡ. ಇಂಗ್ಲೆಂಡಿನಲ್ಲಿ ನೆಲೆಸಿದ್ದ, ತೀರಿಹೋದ ಕೌಂಟ್‌ನ ತಮ್ಮನ ಮಕ್ಕಳು ಅವನ ವಿರುದ್ಧ ದಾವೆ ನಡೆಸಿದರು. ಅವರಲ್ಲೊಬ್ಬ 1836ರಲ್ಲಿ ಬಾಡಿಗೆ ಬಂಟರೊಡನೆ ಬಂದು ಕೋಟೆಗೆ ಲಗ್ಗೆ ಹಾಕಿದ್ದೂ ಉಂಟು, ಅದು ಫಲಿಸಲಿಲ್ಲ.

ಈ ದಾವೆಯ ತಿರುಳೆಲ್ಲ ಒಂದೇ ಪ್ರಶ್ನೆಯಲ್ಲಿತ್ತು. ಬೆಂಟಿಂಕರು ನಿಜಕ್ಕೂ ಆಳುವ ಕುಲದವರೇ, ಅಥವಾ ದೊಡ್ಡ ಆಸ್ತಿಯಿದ್ದ ಸಾಧಾರಣ ಕುಲೀನರೇ? ಸಾಧಾರಣ ಕುಲೀನರಾಗಿದ್ದರೆ ರೈತನ ಮಗಳ ಮಕ್ಕಳಿಗೂ ಆಸ್ತಿ ಸಿಗುತ್ತದೆ. ಆಳುವ ಕುಲದವರಾಗಿದ್ದರೆ ಇಲ್ಲ. ಹೀಗಾಗಿ, ಕ್ನಿಪ್‌ಹೌಸೆನ್ ಅನ್ನು ಆಳುತ್ತಿದ್ದ ಮಗನ ವಕೀಲರು ತಮ್ಮ ಕಕ್ಷಿದಾರನ ಮನೆತನ ಅಷ್ಟೇನೂ ದೊಡ್ಡದಲ್ಲವೆಂದು ವಾದಿಸಬೇಕಾಯಿತು. ತಂದೆ ಸ್ವತಃ ಪ್ರಭುವಾಗಿದ್ದರಿಂದ ಚರ್ಚಿನ ವಿಧಿಯಿಲ್ಲದೆಯೂ ಮನಸ್ಸಾಕ್ಷಿಯ ಮದುವೆ ಮಾಡಿಕೊಳ್ಳಬಹುದಿತ್ತು ಎಂಬ ವಾದವನ್ನೂ ಅದೇ ಕಡೆಯವರು ಹೂಡಿದರು. ಎರಡೂ ವಾದಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಸುಲಭವಲ್ಲ. ಜರ್ಮನಿಯ ಹೆಸರಾಂತ ನ್ಯಾಯಶಾಸ್ತ್ರಜ್ಞರು ಎರಡೂ ಕಡೆ ಗ್ರಂಥಗಟ್ಟಲೆ ಅಭಿಪ್ರಾಯ ಬರೆದರು. ಯೇನಾ ವಿಶ್ವವಿದ್ಯಾಲಯದ ನ್ಯಾಯಶಾಸ್ತ್ರ ವಿಭಾಗ (ಆಗ ಇಂಥ ವಿಭಾಗಗಳೂ ತೀರ್ಪು ಕೊಡುತ್ತಿದ್ದವು) 1842ರಲ್ಲಿ ತೀರ್ಪು ಕೊಟ್ಟಿತು, ಮಗನ ಪರವಾಗಿ. ಇಲ್ಲಿಗೆ ನೀವು ಅಲ್ಲಿ ಕೇಳಿದ ಕಥೆ ಬಿದ್ದುಹೋಯಿತು: ನ್ಯಾಯ ತೀರ್ಪಿನ ಮಟ್ಟಿಗೆ ರೈತನ ಮಗಳ ಮಗ ಸೋಲಲಿಲ್ಲ, ಗೆದ್ದ. ಆಕೆಯನ್ನು ಮನೆಕೆಲಸದವಳೆಂದೋ ಜೀತದವಳೆಂದೋ ಕರೆಯುವುದರಲ್ಲಿ ಎದುರು ಪಕ್ಷದವರಿಗೆ ಲಾಭವಿತ್ತು ಎಂಬುದನ್ನೂ ನೆನಪಿಡಿ. ಇಡೀ ಕುಲಾಸ್ತಿ ಹುಟ್ಟಿದ್ದೇ ಮದುವೆಯ ಹೊರಗೆ ಹುಟ್ಟಿದ ಮಗನೊಬ್ಬನಿಗಾಗಿ ಎಂಬುದು ವಾದಿಗಳಿಗೆ ಮರ್ಮಕ್ಕೆ ತಾಗುವ ವಿಷಯವಾಗಿರಬೇಕು.

ಮೇಲ್ಮನವಿ ನಡೆಯುತ್ತಿರುವಾಗಲೇ ವಿಷಯ ರಾಜಕೀಯಕ್ಕೆ ಜಾರಿತು. ಒಕ್ಕೂಟದ ಸಭೆ 1845ರಲ್ಲಿ ಬೆಂಟಿಂಕ್ ಮನೆತನ ಮೇಲ್ವರ್ಗದ ಕುಲೀನ ಮನೆತನವೆಂದು ಘೋಷಿಸಿತು. ಇದು ಇಂಗ್ಲೆಂಡಿನಲ್ಲಿದ್ದ ತಮ್ಮನ ಮಕ್ಕಳಿಗೆ ದೊಡ್ಡ ಬಲ. ಆದರೆ ಕೊನೆಯ ಏಟು ಬಿದ್ದದ್ದು ಸಮುದ್ರದ ಕಡೆಯಿಂದ. ಉತ್ತರ ಸಮುದ್ರದಲ್ಲಿ ಒಂದೂ ಬಂದರಿಲ್ಲದ ಪ್ರಷ್ಯಾಕ್ಕೆ ನೌಕಾನೆಲೆ ಬೇಕಾಗಿತ್ತು. ಅದು 1853ರ ಜುಲೈನಲ್ಲಿ ಓಲ್ಡೆನ್‌ಬುರ್ಗ್‌ನಿಂದ ಯಾಡೆ ಕೊಲ್ಲಿಯ ಒಂದು ತುಂಡು ನೆಲವನ್ನು ಐದು ಲಕ್ಷ ಥಾಲರ್‌ಗೆ ಪಡೆಯುವ ಒಪ್ಪಂದ ಮಾಡಿಕೊಂಡಿತು; ಬೆಂಟಿಂಕ್ ವ್ಯಾಜ್ಯವನ್ನು ಓಲ್ಡೆನ್‌ಬುರ್ಗ್‌ಗೆ ಅನುಕೂಲವಾಗುವಂತೆ ಮುಗಿಸಲು ನೆರವಾಗುವುದಾಗಿಯೂ ಅದರಲ್ಲಿ ಮಾತು ಕೊಟ್ಟಿತು. ಬಂದರಿನ ಪಕ್ಕದಲ್ಲೇ ಯಾರದೆಂದು ತೀರ್ಮಾನವಾಗದ ಪ್ರಭುತ್ವವೊಂದು ಇರುವುದು ಯಾರಿಗೂ ಬೇಡವಾಗಿತ್ತು. ಮರುವರ್ಷ ಇಬ್ಬರು ಹಕ್ಕುದಾರರಿಗೂ ಪರಿಹಾರ ಕೊಟ್ಟು ರಾಜಿಯಾಯಿತು. 1854ರ ಆಗಸ್ಟ್ 1ರಂದು ಕ್ನಿಪ್‌ಹೌಸೆನ್ ಓಲ್ಡೆನ್‌ಬುರ್ಗ್‌ನಲ್ಲಿ ಲೀನವಾಯಿತು. ಪ್ರಷ್ಯಾ ಕಟ್ಟಿದ ಆ ಬಂದರಿಗೆ 1869ರಲ್ಲಿ ವಿಲ್ಹೆಲ್ಮ್ಸ್‌ಹಾಫನ್ ಎಂದು ಹೆಸರಿಟ್ಟರು, ನೀವು ರೈಲಿನಿಂದ ಇಳಿದ ಊರು ಅದೇ. ನೀವು ಮೈಸೂರನ್ನು ಹೋಲಿಸಲು ಬಯಸಿದರೆ ಇಲ್ಲಿ ಹೋಲಿಸಿ: ಮುಮ್ಮಡಿಯವರ ದತ್ತುಪುತ್ರನಿಗೆ 1867ರಲ್ಲಿ ಮಾನ್ಯತೆ ಸಿಕ್ಕಿ 1881ರಲ್ಲಿ ರಾಜ್ಯ ಮರಳಿದ್ದೂ ವಾರಸು ಕಾನೂನಿನ ವಾದಗಳಿಂದ ಮಾತ್ರವಲ್ಲ, ಮೇಲಿನ ಶಕ್ತಿಗೆ ಆ ಹೊತ್ತಿಗೆ ಅದು ಅನುಕೂಲವೆನಿಸಿದ್ದರಿಂದ. ಇದಕ್ಕಿಂತ ಹೆಚ್ಚಿನ ಸಂಬಂಧವನ್ನು ಹುಡುಕಬೇಡಿ.

ಬೆಂಟಿಂಕ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ದಾವೆ ನಡೆಸಿದ ಆ ತಮ್ಮನ ಮಕ್ಕಳಲ್ಲೊಬ್ಬನ ಮಗ ಗೋಡಾರ್ಡ್ ಬೆಂಟಿಂಕ್ ಡಚ್ ದೇಶದ ಆಮೆರೊಂಗೆನ್ ಕೋಟೆಯ ಯಜಮಾನನಾಗಿದ್ದ. ವಿಲ್ಹೆಲ್ಮ್ಸ್‌ಹಾಫನ್‌ನ ಹೊರಗೆ ಲಂಗರು ಹಾಕಿದ್ದ ಹಡಗುಗಳಲ್ಲಿ 1918ರ ಅಕ್ಟೋಬರ್ ಕೊನೆಗೆ ನಾವಿಕರು ಬಂಡೆದ್ದು, ಅದು ಕ್ರಾಂತಿಯಾಗಿ ಹಬ್ಬಿ, ಕೈಸರ್ ಎರಡನೆಯ ವಿಲ್ಹೆಲ್ಮ್ ಓಡಿಹೋದಾಗ ಆಶ್ರಯ ಕೊಟ್ಟವನು ಈ ಗೋಡಾರ್ಡ್. ಕೈಸರ್ ತನ್ನ ಸಿಂಹಾಸನ ತ್ಯಾಗದ ಪತ್ರಕ್ಕೆ ಸಹಿ ಹಾಕಿದ್ದು ಆಮೆರೊಂಗೆನ್‌ನಲ್ಲಿಯೇ, ನವೆಂಬರ್ 28ರಂದು.

ಆ ಕ್ರಾಂತಿಯಿಂದಲೇ ನಿಮ್ಮ ಗೆಳೆಯರ ಪ್ರಶ್ನೆಗೂ ಉತ್ತರ ಸಿಗುತ್ತದೆ. 1919ರ ವೈಮರ್ ಸಂವಿಧಾನದ 109ನೆಯ ವಿಧಿ ಹುಟ್ಟಿನಿಂದ ಬರುವ ವಿಶೇಷಾಧಿಕಾರಗಳನ್ನು ರದ್ದು ಮಾಡಿತು. ಕುಲೀನ ಬಿರುದುಗಳು ಹೆಸರಿನ ಒಂದು ಭಾಗವಾಗಿ ಮಾತ್ರ ಉಳಿಯುತ್ತವೆ, ಹೊಸದಾಗಿ ಯಾರಿಗೂ ಕೊಡುವಂತಿಲ್ಲ. ಇಂದಿನ ಜರ್ಮನಿಯಲ್ಲೂ ಇದೇ ಸ್ಥಿತಿ. ಕುಲಾಸ್ತಿಗಳನ್ನು 1938ರ ಕಾನೂನು ಕೊನೆಗೊಳಿಸಿತು. ಆದ್ದರಿಂದ ಕ್ನಿಪ್‌ಹೌಸೆನ್ ಇರಲಿ, ಬೇರೆ ಯಾವುದೇ ಒಡೆತನವಿರಲಿ, ಅದರ ಪದವಿಯನ್ನು ಮಾರುವ ಅಧಿಕಾರ ಯಾರ ಬಳಿಯೂ ಇಲ್ಲ. ಗೋಡೆಗೆ ನೇತುಹಾಕುವ ಚಿತ್ರಪಟವೆಂದು ತಿಳಿದು ಕೊಂಡರೆ ನಷ್ಟ ಹಣದ್ದಷ್ಟೇ. ಪಾಸ್‌ಪೋರ್ಟಿನಲ್ಲಿ, ಬ್ಯಾಂಕಿನಲ್ಲಿ, ಬಾಡಿಗೆ ಕರಾರಿನಲ್ಲಿ ಅದನ್ನು ಹೆಸರಿನಂತೆ ಬಳಸಲು ಹೊರಟರೆ ತೊಂದರೆ ಕಟ್ಟಿಟ್ಟ ಬುತ್ತಿ. ವಯಸ್ಕರನ್ನು ದತ್ತು ತೆಗೆದುಕೊಳ್ಳುವ ಮೂಲಕ ಕುಲೀನ ಹೆಸರು ಕೊಡಿಸುತ್ತೇವೆನ್ನುವ ದಲ್ಲಾಳಿಗಳೂ ಇದ್ದಾರೆ. ನಿಜವಾದ ತಂದೆಮಕ್ಕಳ ಬಾಂಧವ್ಯವಿಲ್ಲದೆ ಹೆಸರಿಗಾಗಿ ಮಾಡಿದ ದತ್ತನ್ನು ನ್ಯಾಯಾಲಯ ಒಪ್ಪುವುದಿಲ್ಲ. ಭಾರತದ ಸಂವಿಧಾನದ 18ನೆಯ ವಿಧಿ ನಮ್ಮ ನಾಗರಿಕರು ವಿದೇಶಿ ರಾಜ್ಯದಿಂದ ಬಿರುದು ಪಡೆಯುವುದನ್ನು ನಿಷೇಧಿಸುತ್ತದೆ ಎಂದು ಗೆಳೆಯರು ಹೆದರಬೇಕಾಗಿಲ್ಲ. ಇಲ್ಲಿ ಮಾರುತ್ತಿರುವವನು ರಾಜ್ಯವೇ ಅಲ್ಲ.

ಲೇಖನಕ್ಕೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಅಂತರ್ಜಾಲದ ವಂಶವೃಕ್ಷಗಳನ್ನೇ ಆಧರಿಸುವುದು ಬೇಗ ಮುಗಿಯುವ ಕೆಲಸ, ಆದರೆ ಓಲ್ಡೆನ್‌ಬುರ್ಗ್ ಮತ್ತು ಆಲ್ಡೆನ್‌ಬುರ್ಗ್ ಎಂಬ ಎರಡು ಬೇರೆ ಮನೆತನಗಳನ್ನು ಒಂದೇ ಎಂದು ತಿಳಿದವರ ತಪ್ಪು ನಿಮ್ಮ ತಲೆಗೂ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಮುದ್ರಿತ ಕಾನೂನು ಪುಸ್ತಿಕೆಗಳು ಈಗ ಉಚಿತವಾಗಿ ಸಿಗುತ್ತವೆ, ಓದಲು ರೋಚಕವಾಗಿಯೂ ಇವೆ. ಆದರೆ ಅವು ಹೆಚ್ಚಿನವು ವಕೀಲರ ಬರಹಗಳು, ಯಾರ ಪರವಾಗಿ ಬರೆದದ್ದೆಂದು ಮೊದಲ ಪುಟದಲ್ಲೇ ನೋಡಿಕೊಳ್ಳದೆ ಒಂದು ವಾಕ್ಯವನ್ನೂ ಎತ್ತಿಕೊಳ್ಳಬೇಡಿ. ಮೂಲ ಕಡತಗಳ ದಾರಿ ಸ್ವಲ್ಪ ಕಠಿಣ. ನೀವಿರುವ ಬ್ರೆಮನ್‌ಗೆ ಓಲ್ಡೆನ್‌ಬುರ್ಗ್ ಹತ್ತಿರ. ಅಲ್ಲಿಯ ಲೋಯರ್ ಸ್ಯಾಕ್ಸನಿ ರಾಜ್ಯ ದಫ್ತರಖಾನೆಯಲ್ಲಿ ಆಡಳಿತದ ಕಾಗದಪತ್ರಗಳಿವೆ. ಶಾರ್ಲೊಟ್ ಸೋಫಿಯ ಪತ್ರಗಳು ಡಚ್ ದೇಶದ ಆರ್ನ್‌ಹೆಮ್‌ನ ದಫ್ತರಖಾನೆಯಲ್ಲಿವೆ. ಅವು ಬಹುತೇಕ ಫ್ರೆಂಚ್ ಭಾಷೆಯಲ್ಲಿವೆ. ಲಾರ್ಡ್ ವಿಲಿಯಂ ಬೆಂಟಿಂಕನ ಭಾರತದ ಕಾಗದಪತ್ರಗಳು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿವೆ. ಓಲ್ಡೆನ್‌ಬುರ್ಗ್‌ನ ಕಡತಗಳು ಹಳೆಯ ಜರ್ಮನ್ ಕೂಡುಬರಹದಲ್ಲಿರುವುದರಿಂದ ಇಂದಿನ ಜರ್ಮನ್ ಬಂದರೆ ಮಾತ್ರ ಸಾಲದು. ಹೋಗುವ ಮೊದಲು 1825ರ ಬರ್ಲಿನ್ ಒಪ್ಪಂದದ ಮುದ್ರಿತ ಪ್ರತಿಯೊಂದನ್ನು ಓದಿಕೊಂಡು, ಯಾವ ವರ್ಷದ ಯಾವ ವಿಷಯದ ಕಡತ ಬೇಕೆಂದು ದಫ್ತರಖಾನೆಗೆ ಮುಂಚಿತವಾಗಿ ಬರೆದು ತಿಳಿಸಿ. ‘ಕ್ನಿಪ್‌ಹೌಸೆನ್ ಬಗ್ಗೆ ಏನಿದೆ’ ಎಂದು ಕೇಳಿದರೆ ನಿಮ್ಮ ಮೇಜಿನ ಮೇಲೆ ಕಟ್ಟುಗಟ್ಟಲೆ ಒಡ್ಡು ರಿಪೇರಿಯ ಲೆಕ್ಕಗಳು ಬಂದು ಕೂರುತ್ತವೆ.